ಬಹುಮತ ಎಣಿಸುವ ಜಾಗ ಯಾವುದು?

ಒಂದು ರಾಜ್ಯ ಸರ್ಕಾರಕ್ಕೆ ಬಹುಮತ ಇದೆಯೋ ಇಲ್ಲವೋ ಎಂಬುದು ತೀರ್ಮಾನವಾಗಬೇಕಾದದ್ದು ಎಲ್ಲಿ? ಪ್ರಶ್ನೆ ಸರಳ. ಆದರೆ ಅದಕ್ಕೆ ಖಚಿತ ಉತ್ತರ ಸಿಗಲು ಸಂವಿಧಾನ ಜಾರಿಗೆ ಬಂದ ಮೇಲೆ 44 ವರ್ಷಗಳೇ ಬೇಕಾದವು. ಉತ್ತರ ಬಂದದ್ದು ದೆಹಲಿಯ ಸುಪ್ರೀಂ ಕೋರ್ಟಿನಿಂದ. ಪ್ರಶ್ನೆ ಎದ್ದದ್ದು ಬೆಂಗಳೂರಿನಲ್ಲಿ.

1988ರ ಆಗಸ್ಟ್‌ನಲ್ಲಿ ರಾಮಕೃಷ್ಣ ಹೆಗಡೆಯವರ ನಂತರ ಎಸ್.ಆರ್. ಬೊಮ್ಮಾಯಿ ಕರ್ನಾಟಕದ ಮುಖ್ಯಮಂತ್ರಿಯಾದರು. ಮರುವರ್ಷದ ಏಪ್ರಿಲ್‌ನಲ್ಲಿ ಆಡಳಿತ ಪಕ್ಷದ ಶಾಸಕರೊಬ್ಬರು ಪಕ್ಷಾಂತರ ಮಾಡಿ, ಸರ್ಕಾರಕ್ಕೆ ಬೆಂಬಲ ಹಿಂತೆಗೆದ 19 ಪತ್ರಗಳನ್ನು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರಿಗೆ ಒಪ್ಪಿಸಿದರು. ಏಪ್ರಿಲ್ 19ರಂದು ರಾಜ್ಯಪಾಲರ ವರದಿ ರಾಷ್ಟ್ರಪತಿಯವರಿಗೆ ಹೋಯಿತು. ಮರುದಿನ ಆ ಪತ್ರಗಳಿಗೆ ಸಹಿ ಹಾಕಿದ್ದವರಲ್ಲಿ ಏಳು ಮಂದಿ, ತಪ್ಪು ತಿಳಿಸಿ ತಮ್ಮ ಸಹಿ ಪಡೆಯಲಾಗಿದೆ, ತಮ್ಮ ಬೆಂಬಲ ಸರ್ಕಾರಕ್ಕೇ ಇದೆ ಎಂದು ಬರೆದುಕೊಟ್ಟರು. ವಿಧಾನಸಭೆಯ ಅಧಿವೇಶನ 27ಕ್ಕೆ ನಿಗದಿಯಾಗಿತ್ತು. ಬೇಕಿದ್ದರೆ ಅದಕ್ಕೂ ಮೊದಲೇ ಬಹುಮತ ಸಾಬೀತುಪಡಿಸಲು ಸಿದ್ಧ ಎಂದು ಬೊಮ್ಮಾಯಿ ತಿಳಿಸಿದರು. ಆದರೆ ರಾಜ್ಯಪಾಲರು ಇದನ್ನು ಶಾಸಕರ ಕುದುರೆ ವ್ಯಾಪಾರವೆಂದು ಕಂಡು ಎರಡನೇ ವರದಿ ಕಳಿಸಿದರು. 21ರಂದು ಸರ್ಕಾರ ವಜಾ ಆಯಿತು, ವಿಧಾನಸಭೆ ವಿಸರ್ಜನೆಯಾಯಿತು.

ಇದಕ್ಕೆ ಬಳಕೆಯಾದದ್ದು ಸಂವಿಧಾನದ 356ನೇ ವಿಧಿ. ರಾಜ್ಯವೊಂದರಲ್ಲಿ ಸಂವಿಧಾನಬದ್ಧ ಆಡಳಿತ ಸಾಧ್ಯವೇ ಇಲ್ಲವೆಂದಾದಾಗ ಮಾತ್ರ ಬಳಸಬೇಕಾದ ಅಸ್ತ್ರ ಅದು. ಅದು ಬಳಕೆಗೇ ಬಾರದೆ ಉಳಿಯಲಿ ಎಂದು ಡಾ. ಅಂಬೇಡ್ಕರ್ ಸಂವಿಧಾನ ಸಭೆಯಲ್ಲಿ ಆಶಿಸಿದ್ದರು. ನಡೆದದ್ದು ಬೇರೆ. 1977ರಲ್ಲಿ ಜನತಾ ಪಕ್ಷದ ಕೇಂದ್ರ ಸರ್ಕಾರ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಿತು. 1980ರಲ್ಲಿ ಅಧಿಕಾರಕ್ಕೆ ಮರಳಿದ ಕಾಂಗ್ರೆಸ್ ಕೂಡ ಒಂಬತ್ತು ರಾಜ್ಯಗಳಲ್ಲಿ ಅದನ್ನೇ ಮಾಡಿತು.

ನ್ಯಾಯಾಲಯಗಳು ಈ ವಿಷಯದಲ್ಲಿ ಬಹುಕಾಲ ದೂರವೇ ಉಳಿದಿದ್ದವು. 1975ರ ತಿದ್ದುಪಡಿಯೊಂದು ರಾಷ್ಟ್ರಪತಿಯವರ ತೀರ್ಮಾನವನ್ನು ಯಾವ ನ್ಯಾಯಾಲಯವೂ ಪ್ರಶ್ನಿಸಬಾರದೆಂದು ಹೇಳಿತ್ತು. 1978ರಲ್ಲಿ 44ನೇ ತಿದ್ದುಪಡಿ ಆ ನಿರ್ಬಂಧವನ್ನು ತೆಗೆಯಿತು. ಆದರೂ ಇದು ರಾಜಕೀಯದ ಮಾತು, ಇಲ್ಲಿ ನ್ಯಾಯಾಧೀಶರಿಗೆ ಏನು ಕೆಲಸ ಎಂಬ ಸಂಕೋಚ ಹೋಗಿರಲಿಲ್ಲ. ಬೊಮ್ಮಾಯಿಯವರ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 1989ರಲ್ಲಿಯೇ ತಳ್ಳಿಹಾಕಿತು.

ಮೇಲ್ಮನವಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠದ ಮುಂದೆ ಬಂತು. 1994ರ ಮಾರ್ಚ್ 11ರಂದು ಹೊರಬಿದ್ದ ತೀರ್ಪು ಆ ಸಂಕೋಚವನ್ನು ಕೊನೆಗಾಣಿಸಿತು. ಮಂತ್ರಿಮಂಡಲ ರಾಷ್ಟ್ರಪತಿಯವರಿಗೆ ಏನು ಸಲಹೆ ಕೊಟ್ಟಿತೆಂದು ನ್ಯಾಯಾಲಯ ಕೇಳುವಂತಿಲ್ಲ, ನಿಜ. ಆದರೆ ಆ ಸಲಹೆಗೆ ಆಧಾರವಾದ ಕಾಗದಪತ್ರಗಳನ್ನು ತರಿಸಿ ನೋಡಬಹುದು. ಆಧಾರ ಸಾಕೇ ಸಾಲದೇ ಎಂದು ತೂಗುವುದು ನ್ಯಾಯಾಲಯದ ಕೆಲಸವಲ್ಲ. ಪ್ರಸ್ತುತವಾದ ಆಧಾರ ಇದೆಯೇ, ಅಥವಾ ದುರುದ್ದೇಶವಿದೆಯೇ ಎಂದು ನೋಡುವುದು ಅದರ ಕೆಲಸ. ಸಂಸತ್ತಿನ ಎರಡೂ ಸದನಗಳು ಒಪ್ಪುವ ತನಕ ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ, ಅಮಾನತಿನಲ್ಲಿಡಬಹುದು ಅಷ್ಟೆ. ಘೋಷಣೆ ಅಸಿಂಧುವಾದರೆ ಹಳೆಯ ಸರ್ಕಾರವನ್ನೇ ಮತ್ತೆ ಕೂರಿಸುವ ಅಧಿಕಾರವೂ ನ್ಯಾಯಾಲಯಕ್ಕಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಬಹುಮತದ ಪರೀಕ್ಷೆ ನಡೆಯಬೇಕಾದದ್ದು ಸದನದಲ್ಲಿ, ರಾಜಭವನದಲ್ಲಿ ಅಲ್ಲ.

ಹಾಗೆಂದು ಈ ತೀರ್ಪು ಕೇಂದ್ರದ ಕೈಯನ್ನು ಪೂರ್ತಿ ಕಟ್ಟಲಿಲ್ಲ. ಕರ್ನಾಟಕ, ಮೇಘಾಲಯ, ನಾಗಾಲ್ಯಾಂಡ್‌ಗಳ ಮೇಲಿನ ಕ್ರಮ ಸಂವಿಧಾನಬಾಹಿರವೆಂದು ಸಾರಿದ ಅದೇ ಪೀಠ, ಬಾಬರಿ ಮಸೀದಿ ಧ್ವಂಸದ ನಂತರ 1992ರ ಡಿಸೆಂಬರ್‌ನಲ್ಲಿ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶ ಸರ್ಕಾರಗಳ ವಜಾವನ್ನು ಎತ್ತಿಹಿಡಿಯಿತು. ಜಾತ್ಯತೀತತೆ ಸಂವಿಧಾನದ ಮೂಲ ರಚನೆಗೆ ಸೇರಿದ್ದು ಎಂಬುದು ಅದಕ್ಕೆ ಕೊಟ್ಟ ಕಾರಣ.

ಬೊಮ್ಮಾಯಿಯವರಿಗೆ ಸಿಕ್ಕಿದ್ದೇನು? ಕುರ್ಚಿಯಂತೂ ಅಲ್ಲ. 1989ರ ನವೆಂಬರ್‌ನಲ್ಲೇ ಚುನಾವಣೆ ನಡೆದು ಕಾಂಗ್ರೆಸ್ ಅಧಿಕಾರಕ್ಕೆ ಬಂದಿತ್ತು. ತೀರ್ಪು ಬರುವ ಹೊತ್ತಿಗೆ ಮರಳಿಸಲು ಸರ್ಕಾರವೇ ಉಳಿದಿರಲಿಲ್ಲ. ಫಲ ಸಿಕ್ಕಿದ್ದು ಬೇರೆಯವರಿಗೆ. 2016ರಲ್ಲಿ ಅರುಣಾಚಲ ಪ್ರದೇಶದ ಪದಚ್ಯುತ ಸರ್ಕಾರವನ್ನು ಸುಪ್ರೀಂ ಕೋರ್ಟ್ ಮತ್ತೆ ಅಧಿಕಾರಕ್ಕೆ ತಂದಿತು. 2018ರ ಮೇನಲ್ಲಿ ಕರ್ನಾಟಕದ ರಾಜ್ಯಪಾಲರು ಬಹುಮತ ತೋರಿಸಲು ಬಿ.ಎಸ್. ಯಡಿಯೂರಪ್ಪನವರಿಗೆ 15 ದಿನ ಕೊಟ್ಟಾಗ, ಕೋರ್ಟ್ ಅದನ್ನು ಮೊಟಕುಗೊಳಿಸಿ ಮೇ 19ರಂದೇ ಪರೀಕ್ಷೆ ನಡೆಯಲೆಂದಿತು. ಮತಕ್ಕೆ ಮುನ್ನವೇ ಅವರು ರಾಜೀನಾಮೆ ಕೊಟ್ಟರು.

ನ್ಯಾಯಾಲಯ ಗೊತ್ತುಮಾಡಿದ್ದು ಎಣಿಕೆಯ ಜಾಗವನ್ನು ಮಾತ್ರ. ಎಣಿಕೆಗೆ ಮುಂಚೆ ನಡೆಯುವ ವ್ಯವಹಾರ ಅದರ ಕೈಗೆ ಅಷ್ಟು ಸುಲಭವಾಗಿ ಸಿಗುವುದಿಲ್ಲ. 2019ರ ಜುಲೈ 23ರಂದು ಎಚ್.ಡಿ. ಕುಮಾರಸ್ವಾಮಿ ಸರ್ಕಾರ 99–105 ಮತಗಳಿಂದ ಬಿದ್ದದ್ದು ಸದನದಲ್ಲಿಯೇ. ಆದರೆ ಅಷ್ಟರಲ್ಲಿ ಆಡಳಿತ ಪಕ್ಷಗಳ ಹಲವು ಶಾಸಕರು ರಾಜೀನಾಮೆ ಪತ್ರ ಕೊಟ್ಟು ಮುಂಬಯಿಯ ಹೋಟೆಲ್ ಸೇರಿದ್ದರು. 1989ರಲ್ಲಿ ಪ್ರಶ್ನೆ ಇದ್ದದ್ದು ಶಾಸಕರ ಸಹಿಯ ಬಗ್ಗೆ. ಈಗ ಅದು ಶಾಸಕರ ರಾಜೀನಾಮೆಯ ಬಗ್ಗೆ. ಅದಕ್ಕೆ ಉತ್ತರ ಹೇಳಬೇಕಾದವರು ನ್ಯಾಯಮೂರ್ತಿಗಳಿಗಿಂತ ಹೆಚ್ಚಾಗಿ ಮತದಾರರು.