ಕೊಂಬಿಲ್ಲದ ಬಸವನಹುಳು

ಕಡಲ ಮರಳಿನ ಕಣಗಳ ಸಂದಿಯಲ್ಲೇ ಸಂಸಾರ ಹೂಡುವ ಬಸವನಹುಳುವೊಂದಿದೆ: ಪಾಂಟೋಹೆಡೈಲ್ ಮಿಲಾಶೆವಿಚಿ. ಕಪ್ಪು ಸಮುದ್ರದಲ್ಲಿ ಸಿಕ್ಕ ಇದನ್ನು 1901ರಲ್ಲಿ ರಷ್ಯಾದ ಕೊವಲೆವ್‌ಸ್ಕಿ ಜಗತ್ತಿಗೆ ಪರಿಚಯಿಸಿದರು. ಉದ್ದ ಕೆಲವೇ ಮಿಲಿಮೀಟರ್. ಮನೆ ಇಕ್ಕಟ್ಟು, ಹಾಗಾಗಿ ಚಿಪ್ಪಿಲ್ಲ, ಕಿವಿರಿಲ್ಲ. ತಲೆಯ ಮೇಲಿನ ಕೊಂಬುಗಳೂ ಇಲ್ಲ. ಬಸವ ಅನ್ನುವುದಾದರೂ ಹೇಗೆ! ಬಾಯಿಯ ಪಕ್ಕದ ಎರಡು ಸ್ಪರ್ಶಾಂಗಗಳಷ್ಟೇ ಉಳಿದಿವೆ.

ಕಡಲ ಚಿಪ್ಪಿಲ್ಲದ ಹುಳುಗಳು ಸಾಮಾನ್ಯವಾಗಿ ದ್ವಿಲಿಂಗಿಗಳು. ಇದರಲ್ಲಿ ಗಂಡು, ಹೆಣ್ಣು ಬೇರೆ ಬೇರೆ. ಆದರೆ ಗಂಡಿಗೆ ಕೂಡುವ ಅಂಗವೇ ಇಲ್ಲ! ವೀರ್ಯದ ಪುಟ್ಟ ಪೊಟ್ಟಣವನ್ನು ಹೆಣ್ಣಿನ ಮೈಗೆ ಅಂಟಿಸಿಬಿಡುತ್ತದೆ. ವೀರ್ಯಾಣುಗಳು ಚರ್ಮದ ಮೂಲಕವೇ ಒಳಸೇರುತ್ತವೆ.

ಇಷ್ಟೆಲ್ಲ ಕಳಚಿಕೊಂಡ ಮೇಲೆ ಗುರುತು ಹಿಡಿಯುವುದು ಹೇಗೆ? 2013ರಲ್ಲಿ ಕ್ಯಾಥರಿನಾ ಯೋರ್ಗರ್ ಮತ್ತು ಮೈಕೆಲ್ ಶ್ರೋಡ್ಲ್ ಇದೇ ಕುಲದ 9 ಹೊಸ ಪ್ರಭೇದಗಳನ್ನು ಹೆಸರಿಸಿದ್ದು ಡಿಎನ್‌ಎ ಓದಿ. ಬರಿಗಣ್ಣು ಹಾಗಿರಲಿ, ಸೂಕ್ಷ್ಮದರ್ಶಕಕ್ಕೂ ಅವು ಒಂದೇ ಥರ ಕಾಣುತ್ತಿದ್ದವು.