ಕೊನೆಯ ಬೆಂಚಿನಿಂದ ಮೊದಲ ಬೆಂಚಿಗೆ

ಪದವಿ ತರಗತಿಯ ಮೊದಲ ವರ್ಷದ ಇಂಗ್ಲಿಷ್ ಪಾಠವನ್ನು ‘ಪಾಸಾದರೆ ಸಾಕು’ ಎಂದು ಬಿಡುವವರೇ ಹೆಚ್ಚು. ಆದರೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿಗೆ ಉಳಿದೆಲ್ಲ ವಿಷಯಗಳ ಬಾಗಿಲು ತೆರೆಯುವುದು ಈ ಪಾಠದಿಂದಲೇ. ಅದನ್ನು ಬಳಸಿಕೊಳ್ಳುವುದು ಹೇಗೆ? ಮನೆಯವರು ಏನು ಮಾಡಬಹುದು?

ಕಾಲೇಜು ಶುರುವಾಗಿ ಮೂರು ವಾರವಾಗುವಷ್ಟರಲ್ಲಿ ತರಗತಿಯಲ್ಲಿ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಹಳ್ಳಿಯ ಶಾಲೆಯಲ್ಲಿ ಎಲ್ಲ ಪ್ರಶ್ನೆಗೂ ಮೊದಲು ಕೈ ಎತ್ತುತ್ತಿದ್ದ ಮಕ್ಕಳು ಇಲ್ಲಿ ಕೊನೆಯ ಬೆಂಚಿಗೆ ಸರಿದಿರುತ್ತಾರೆ. ಪ್ರಶ್ನೆ ಕೇಳಿದರೆ ತಲೆ ತಗ್ಗಿಸುತ್ತಾರೆ. ಪಿಯುಸಿಯನ್ನು ಗೈಡು ಓದಿ, ಬಾಯಿಪಾಠ ಮಾಡಿ ಹೇಗೋ ದಾಟಿದ್ದಾಯಿತು. ಪದವಿಯಲ್ಲಿ ಆ ದಾರಿ ಹೆಚ್ಚು ದೂರ ಸಾಗುವುದಿಲ್ಲ. ಮೊದಲ ಕಿರುಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದಾಗ ‘ನಾನು ದಡ್ಡ’ ಎಂಬ ತೀರ್ಮಾನಕ್ಕೆ ಬರುತ್ತಾರೆ. ಕೆಲವರು ಕಾಲೇಜನ್ನೇ ಬಿಡುವ ಯೋಚನೆ ಮಾಡುತ್ತಾರೆ.

ಅವರು ದಡ್ಡರಲ್ಲ. ದ್ಯುತಿಸಂಶ್ಲೇಷಣೆ ಎಂದರೇನೆಂದು ಅವರಿಗೆ ಗೊತ್ತು. ಅದನ್ನೇ ಫೋಟೋಸಿಂಥೆಸಿಸ್ ಎಂದಾಗ ಗೊತ್ತಾಗುವುದಿಲ್ಲ, ಅಷ್ಟೆ. ವೇಗೋತ್ಕರ್ಷದ ಲೆಕ್ಕ ಮಾಡಬಲ್ಲ ಹುಡುಗ ಆಕ್ಸಿಲರೇಶನ್ ಎಂಬ ಪದದ ಮುಂದೆ ನಿಂತುಬಿಡುತ್ತಾನೆ. ಸಾಂದ್ರತೆ ಗೊತ್ತಿದ್ದವಳಿಗೆ ಡೆನ್ಸಿಟಿ ಹೊಸದು. ತಿಳಿವಳಿಕೆ ಒಳಗಿದೆ, ಅದರ ಹೆಸರು ಮಾತ್ರ ಬದಲಾಗಿದೆ.

ಕೆನಡಾದ ಶಿಕ್ಷಣತಜ್ಞ ಜಿಮ್ ಕಮಿನ್ಸ್ 1970ರ ದಶಕದಿಂದಲೂ ಹೇಳುತ್ತ ಬಂದಿರುವುದು ಇದನ್ನೇ. ಒಂದು ಭಾಷೆಯಲ್ಲಿ ಚೆನ್ನಾಗಿ ಕಲಿತ ವಿಚಾರ ಇನ್ನೊಂದು ಭಾಷೆಗೆ ಹೋಗುವಾಗ ಜೊತೆಯಲ್ಲೇ ಬರುತ್ತದೆ. ಎರಡು ಭಾಷೆಗಳು ನೀರಿನ ಮೇಲೆ ಬೇರೆ ಬೇರೆಯಾಗಿ ಕಾಣುವ ಮಂಜುಗಡ್ಡೆಯ ಎರಡು ತುದಿಗಳಂತೆ. ನೀರಿನೊಳಗೆ ಬುಡ ಒಂದೇ. ಹಾಗಾಗಿ ಕನ್ನಡದಲ್ಲಿ ಕಲಿತದ್ದು ವ್ಯರ್ಥವಾಯಿತು ಎಂದು ಕೊರಗುವ ಅಗತ್ಯವಿಲ್ಲ.

ಮಾತಿನ ಇಂಗ್ಲಿಷ್, ಓದಿನ ಇಂಗ್ಲಿಷ್

ಕಮಿನ್ಸ್ ಇನ್ನೊಂದು ಮಾತನ್ನೂ ಹೇಳಿದರು. ದಿನಬಳಕೆಯ ಮಾತು ಬೇರೆ, ಪಾಠ ಓದಿ ಬರೆಯುವ ಭಾಷೆ ಬೇರೆ. ಮೊದಲನೆಯದು ಬೇಗ ಬರುತ್ತದೆ, ಎರಡನೆಯದಕ್ಕೆ ವರ್ಷಗಳು ಬೇಕು. ಪಕ್ಕದ ಬೆಂಚಿನವನು ಕ್ಯಾಂಟೀನಿನಲ್ಲಿ ಪಟಪಟನೆ ಇಂಗ್ಲಿಷ್ ಮಾತಾಡುವುದನ್ನು ಕಂಡು ಹೆದರಬೇಕಿಲ್ಲ. ಪಠ್ಯಪುಸ್ತಕದ ಇಂಗ್ಲಿಷ್ ಅವನೂ ಹೊಸದಾಗಿಯೇ ಕಲಿಯಬೇಕು.

ಹಾಗಾದರೆ ಎಷ್ಟು ಪದ ಕಲಿಯಬೇಕು? ನಿಘಂಟು ಪೂರ್ತಿ ಬೇಕಿಲ್ಲ. ಮೈಕೇಲ್ ವೆಸ್ಟ್ ಎಂಬ ಶಿಕ್ಷಣತಜ್ಞರು 1953ರಲ್ಲಿ ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬಳಕೆಯಾಗುವ ಸುಮಾರು 2,000 ಪದಗಳ ಪಟ್ಟಿ ಪ್ರಕಟಿಸಿದರು. ಅದರ ಮುಂದುವರಿಕೆಯಂತೆ ನ್ಯೂಜಿಲೆಂಡಿನ ಆವರಿಲ್ ಕಾಕ್ಸ್‌ಹೆಡ್ 2000ದಲ್ಲಿ ವಿಶ್ವವಿದ್ಯಾಲಯದ ಪಠ್ಯಗಳನ್ನು ಶೋಧಿಸಿ 570 ಪದಕುಟುಂಬಗಳ ಪಟ್ಟಿ ಮಾಡಿದರು. ಅನಲೈಸ್, ಅಸ್ಯೂಮ್, ಎವಿಡೆನ್ಸ್, ಸಿಗ್ನಿಫಿಕೆಂಟ್‌ನಂಥ ಪದಗಳು ಅದರಲ್ಲಿವೆ. ವಾಣಿಜ್ಯವಾಗಲಿ, ವಿಜ್ಞಾನವಾಗಲಿ, ಕಾನೂನಾಗಲಿ, ಕಾಲೇಜಿನ ಪುಸ್ತಕದ ಪ್ರತಿ ಹತ್ತು ಪದಗಳಲ್ಲಿ ಹೆಚ್ಚೂಕಡಿಮೆ ಒಂದು ಈ ಗುಂಪಿನದು. ದಿನಕ್ಕೆ ಐದೇ ಪದ ಕಲಿತರೂ 570ಕ್ಕೆ ನಾಲ್ಕು ತಿಂಗಳು ಸಾಕು. ಒಂದು ಸೆಮಿಸ್ಟರಿನ ಕೆಲಸ.

ವಾಕ್ಯ ತಲೆಕೆಳಗಾಗುವ ಜಾಗ

ಪದ ಗೊತ್ತಿದ್ದರೂ ವಾಕ್ಯ ಅರ್ಥವಾಗದಿರುವುದಕ್ಕೆ ಕಾರಣ ಬೇರೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಇಂಗ್ಲಿಷಿನಲ್ಲಿ ಕರ್ತೃವಿನ ಹಿಂದೆಯೇ ಬಂದುಬಿಡುತ್ತದೆ. ನಾವು ‘ಮೇಜಿನ ಮೇಲೆ’ ಎಂದರೆ ಅವರು ‘ಆನ್ ದ ಟೇಬಲ್’ ಎನ್ನುತ್ತಾರೆ. ‘ಮೇಲೆ’ ಎನ್ನುವುದು ಮುಂದಕ್ಕೆ ಹೋಯಿತು. ‘ನಿನ್ನೆ ನಾನು ಓದಿದ ಪುಸ್ತಕ’ ಎನ್ನುವಾಗ ನಾವು ವಿವರಣೆ ಮೊದಲು ಕೊಟ್ಟು ಪುಸ್ತಕವನ್ನು ಕೊನೆಗೆ ಇಡುತ್ತೇವೆ. ‘ದ ಬುಕ್ ಐ ರೆಡ್ ಯೆಸ್ಟರ್‌ಡೇ’ ಎನ್ನುವಾಗ ಪುಸ್ತಕ ಮೊದಲು, ವಿವರಣೆ ಆಮೇಲೆ.

ಇದು ತಿಳಿದರೆ ಪಠ್ಯಪುಸ್ತಕದ ಉದ್ದುದ್ದ ವಾಕ್ಯಗಳನ್ನು ಬಿಡಿಸಬಹುದು. ಮೊದಲು ಕರ್ತೃ ಯಾವುದು, ಕ್ರಿಯಾಪದ ಯಾವುದು ಎಂದು ಹುಡುಕಿ ಅಡಿಗೆರೆ ಎಳೆಯಿರಿ. ‘ವಿಚ್’, ‘ದಟ್’, ‘ಹೂ’ ಎಂದು ಶುರುವಾಗುವ ಭಾಗವನ್ನು ಕಂಸದಲ್ಲಿ ಹಾಕಿ. ಕಂಸ ಬಿಟ್ಟು ಒಮ್ಮೆ ಓದಿ, ಆಮೇಲೆ ಕಂಸ ಸೇರಿಸಿ ಓದಿ. ವಾರದಲ್ಲಿ ಹತ್ತು ವಾಕ್ಯಗಳನ್ನು ಹೀಗೆ ಬಿಡಿಸಿದರೆ ಕೈ ಪಳಗುತ್ತದೆ.

‘ನನಗೆ ಹಸಿವಾಗಿದೆ’ ಎಂಬುದನ್ನು ಪದಕ್ಕೆ ಪದ ಇಟ್ಟರೆ ಇಂಗ್ಲಿಷ್ ಆಗುವುದಿಲ್ಲ. ನಮ್ಮಲ್ಲಿ ಹಸಿವು, ಜ್ವರ, ಕೋಪ ಎಲ್ಲ ‘ನನಗೆ’ ಬರುತ್ತವೆ. ಅಲ್ಲಿ ‘ಐ’ ಎಂದೇ ಶುರು ಮಾಡಬೇಕು. ‘ಎ’, ‘ಆ್ಯನ್’, ‘ದ’ ಎಂಬ ಪುಟ್ಟ ಪದಗಳಿಗೆ ಕನ್ನಡದಲ್ಲಿ ಸರಿಸಾಟಿ ಇಲ್ಲದ್ದರಿಂದ ಅವು ತಪ್ಪುವುದು ಸಹಜ. ಅವು ತಪ್ಪಿದರೂ ಬಹಳ ಸಲ ಅರ್ಥ ಕೆಡುವುದಿಲ್ಲ. ಅದಕ್ಕೆ ಹೆದರಿ ಬಾಯಿ ಮುಚ್ಚಬಾರದು.

ಉಚ್ಚಾರಣೆಯ ಕಥೆಯೂ ಹೀಗೆಯೇ. ನಾವು ಬರೆದಂತೆ ಓದುವವರು. ಇಂಗ್ಲಿಷಿನಲ್ಲಿ ಅಕ್ಷರ 26, ಧ್ವನಿಗಳು ಸುಮಾರು 44. ಜೊತೆಗೆ ಪದದ ಒಂದು ಭಾಗವನ್ನು ಒತ್ತಿ ಹೇಳುವ ರೂಢಿ ಬೇರೆ. ‘ಫೋಟೋಗ್ರಾಫ್’ ಎನ್ನುವಾಗ ಒತ್ತು ಮೊದಲ ಅಕ್ಷರದ ಮೇಲೆ. ಫೋಟೋ ತೆಗೆಯುವವನಿಗೆ ‘ಫಟಾಗ್ರಫರ್’ ಎನ್ನುವಾಗ ಎರಡನೆಯದರ ಮೇಲೆ. ಹೊಸ ಪದ ಸಿಕ್ಕಾಗ ಮೊಬೈಲಿನ ನಿಘಂಟಿನಲ್ಲಿ ಧ್ವನಿವರ್ಧಕದ ಗುರುತು ಒತ್ತಿ ಮೂರು ಸಲ ಕೇಳಿ, ಮೂರು ಸಲ ಹೇಳಿ.

ಬೆಂಗಳೂರಿನಲ್ಲಿ ನಡೆದ ಪ್ರಯೋಗ

ಇಂಗ್ಲಿಷ್ ಕಲಿಕೆಯ ಬಗ್ಗೆ ಜಗತ್ತಿನ ಶಿಕ್ಷಕರು ಇಂದಿಗೂ ಓದುವ ಒಂದು ಪ್ರಯೋಗ ನಮ್ಮ ಬೆಂಗಳೂರಿನ ಹೆಸರಿನಲ್ಲೇ ಇದೆ. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರ ನೇತೃತ್ವದಲ್ಲಿ, ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಆಸರೆಯಲ್ಲಿ ನಡೆದ ಅದನ್ನು ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಕರೆಯುತ್ತಾರೆ. ದಕ್ಷಿಣ ಭಾರತದ ಕೆಲವು ಶಾಲೆಗಳ ಸಾಮಾನ್ಯ ಮಕ್ಕಳು ಅದರಲ್ಲಿದ್ದರು.

ಅಲ್ಲಿ ವ್ಯಾಕರಣದ ಪಾಠವನ್ನು ಮೊದಲು ಮಾಡಲಿಲ್ಲ. ಮಕ್ಕಳ ಮುಂದೆ ರೈಲಿನ ವೇಳಾಪಟ್ಟಿ ಇಟ್ಟು, ಯಾವ ರೈಲು ಹತ್ತಿದರೆ ಸಮಯಕ್ಕೆ ತಲುಪಬಹುದು ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಕಾಶೆ ಕೊಟ್ಟು ದಾರಿ ಹುಡುಕಿಸಿದರು. ಲೆಕ್ಕ ಬಿಡಿಸುವ ತವಕದಲ್ಲಿ ಮಕ್ಕಳು ಭಾಷೆಯ ಭಯ ಮರೆತು ಅದನ್ನು ಬಳಸಬೇಕು ಎಂಬುದು ಉದ್ದೇಶ. ಮನಸ್ಸು ಅರ್ಥದ ಮೇಲೆ ನಿಂತಾಗ ವ್ಯಾಕರಣ ಒಳಗೊಳಗೇ ಕೂಡಿಕೊಳ್ಳುತ್ತದೆ ಎಂದು ಪ್ರಭು ನಂಬಿದ್ದರು. 1987ರಲ್ಲಿ ಬಂದ ಅವರ ಪುಸ್ತಕ ‘ಸೆಕೆಂಡ್ ಲ್ಯಾಂಗ್ವೇಜ್ ಪೆಡಗಾಜಿ’ಯಲ್ಲಿ ಇದರ ವಿವರ ಇದೆ.

ಕಾಲೇಜು ಹುಡುಗರೂ ಇದನ್ನು ಮಾಡಬಹುದು. ಇಬ್ಬರು ಗೆಳೆಯರು ಎದುರುಬದುರು ಕೂರಲಿ. ಒಬ್ಬನ ಹಾಳೆಯಲ್ಲಿ ಬಸ್ಸುಗಳ ಹೊತ್ತು ಇರಲಿ, ಇನ್ನೊಬ್ಬನ ಹಾಳೆಯಲ್ಲಿ ಟಿಕೆಟ್ ದರ. ಹಾಳೆ ತೋರಿಸದೆ, ಇಂಗ್ಲಿಷಿನಲ್ಲೇ ಕೇಳಿ ಹೇಳಿ, ಮುನ್ನೂರು ರೂಪಾಯಿಯೊಳಗೆ ಒಂದು ದಿನದ ಪ್ರವಾಸ ಗೊತ್ತು ಮಾಡಬೇಕು. ತಪ್ಪು ಇಂಗ್ಲಿಷಾದರೂ ಸರಿ, ಪ್ರವಾಸ ಗೊತ್ತಾಗಬೇಕು. ಹದಿನೈದು ನಿಮಿಷದ ಈ ಆಟದಲ್ಲಿ ಆಡುವ ಮಾತು ಒಂದು ವಾರದ ತರಗತಿಯಲ್ಲೂ ಆಡಲು ಸಿಗುವುದಿಲ್ಲ.

ಪ್ರಶ್ನೆ ಏನು ಕೇಳುತ್ತಿದೆ?

ಪರೀಕ್ಷೆಯಲ್ಲಿ ಉತ್ತರ ಗೊತ್ತಿದ್ದೂ ಅಂಕ ಕಳೆದುಕೊಳ್ಳುವುದು ಪ್ರಶ್ನೆಯ ಮೊದಲ ಪದ ಅರ್ಥವಾಗದೆ. ಇವನ್ನು ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟುಕೊಳ್ಳಿ:

ಡಿಫೈನ್ – ವ್ಯಾಖ್ಯೆ ಕೊಡಿ. ಒಂದೆರಡು ವಾಕ್ಯ ಸಾಕು.
ಲಿಸ್ಟ್ – ಪಟ್ಟಿ ಮಾಡಿ, ವಿವರಣೆ ಬೇಡ.
ಎಕ್ಸ್‌ಪ್ಲೇನ್ – ಹೇಗೆ, ಏಕೆ ಎಂದು ಬಿಡಿಸಿ ಹೇಳಿ.
ಕಂಪೇರ್ – ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ.
ಡಿಸ್ಕಸ್ – ಪರವೂ ಇರಲಿ, ವಿರೋಧವೂ ಇರಲಿ.
ಜಸ್ಟಿಫೈ – ಕಾರಣ ಕೊಟ್ಟು ಸಮರ್ಥಿಸಿ.

ಕನ್ನಡ ಬಿಡಬೇಕೇ?

ಇಂಗ್ಲಿಷ್ ಬರಬೇಕಾದರೆ ಕನ್ನಡ ಮರೆಯಬೇಕು ಎಂಬ ಸಲಹೆ ಕೆಲವು ಮಕ್ಕಳ ಕಿವಿಗೆ ಬೀಳುತ್ತದೆ. ನಮ್ಮ ಹಿರಿಯರನ್ನು ನೋಡಿದರೆ ಸಾಕು. ‘ಇಂಗ್ಲಿಷ್ ಗೀತಗಳು’ ಕೊಟ್ಟ ಬಿ.ಎಂ.ಶ್ರೀ. ಇಂಗ್ಲಿಷ್ ಪ್ರಾಧ್ಯಾಪಕರು. ವಿ. ಕೃ. ಗೋಕಾಕರು ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ದವರು. ಮುಂದೆ ಕನ್ನಡದ ಸ್ಥಾನಮಾನಕ್ಕಾಗಿ ನಡೆದ ದೊಡ್ಡ ಚಳವಳಿ ಅವರ ವರದಿಯ ಹೆಸರಿನಲ್ಲೇ ನಡೆಯಿತು. ಯು. ಆರ್. ಅನಂತಮೂರ್ತಿ ಮೈಸೂರಿನಲ್ಲಿ ಇಂಗ್ಲಿಷ್ ಕಲಿಸಿದರು, ಕನ್ನಡದಲ್ಲಿ ಕಾದಂಬರಿ ಬರೆದರು. ಇವರಲ್ಲಿ ಯಾರಿಗೂ ಒಂದಕ್ಕಾಗಿ ಇನ್ನೊಂದನ್ನು ಬಿಡಬೇಕಾಗಿ ಬರಲಿಲ್ಲ.

ಕಷ್ಟದ ಪಾಠವನ್ನು ಮೊದಲು ಕನ್ನಡ ಪುಸ್ತಕದಲ್ಲಿ ಓದಿಕೊಂಡು ಆಮೇಲೆ ಇಂಗ್ಲಿಷಿನಲ್ಲಿ ಓದುವುದು ತಪ್ಪಲ್ಲ, ಜಾಣತನ. ನೋಟ್ಸಿನ ಅಂಚಿನಲ್ಲಿ ಕನ್ನಡ ಅರ್ಥ ಬರೆದುಕೊಳ್ಳಿ. ಕೇಂದ್ರ ಸರ್ಕಾರದ ಸ್ವಯಂ, ಐಐಟಿಗಳ ಎನ್‌ಪಿಟೆಲ್ ಪಾಠಗಳು ಉಚಿತವಾಗಿ ಸಿಗುತ್ತವೆ. ಅಡಿಬರಹ ಇರುವ ಪಾಠವನ್ನು ಆರಿಸಿಕೊಂಡರೆ ಕಿವಿಗೂ ಕಣ್ಣಿಗೂ ಒಟ್ಟಿಗೆ ಅಭ್ಯಾಸವಾಗುತ್ತದೆ.

ಮನೆಯವರಿಗೆ ಒಂದು ಮಾತು

‘ನಮಗೇ ಇಂಗ್ಲಿಷ್ ಬರೋದಿಲ್ಲ, ನಾವೇನು ಹೇಳಿಕೊಡೋದು?’ ಎನ್ನುವ ತಾಯಂದಿರು ಬಹಳ ಮಂದಿ. ಹೇಳಿಕೊಡುವುದು ಬೇಡ, ಕೇಳಿದರೆ ಸಾಕು. ಸಂಜೆ ಮಗಳು ಮನೆಗೆ ಬಂದಾಗ ‘ಇವತ್ತು ಏನು ಪಾಠ ಮಾಡಿದರು? ನನಗೂ ಅರ್ಥವಾಗುವ ಹಾಗೆ ಹೇಳು’ ಎನ್ನಿ. ಇಂಗ್ಲಿಷಿನಲ್ಲಿ ಕೇಳಿದ್ದನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳಬೇಕಾದರೆ ಅವಳಿಗೆ ಅದು ನಿಜವಾಗಿ ಅರ್ಥವಾಗಿರಬೇಕು. ಎಲ್ಲಿ ತಡವರಿಸುತ್ತಾಳೋ ಅಲ್ಲಿ ಮತ್ತೆ ಓದಬೇಕೆಂದು ಅವಳಿಗೇ ತಿಳಿಯುತ್ತದೆ. ಈ ಕೆಲಸಕ್ಕೆ ಇಂಗ್ಲಿಷ್ ಬಾರದ ಅಮ್ಮನಿಗಿಂತ ಒಳ್ಳೆಯ ಕೇಳುಗರು ಸಿಗುವುದಿಲ್ಲ.

ಇನ್ನೆರಡು ಎಚ್ಚರಿಕೆ. ತಪ್ಪು ಉಚ್ಚಾರಣೆಗೆ ಮನೆಯಲ್ಲಿ ಯಾರೂ ನಗಬಾರದು. ಒಮ್ಮೆ ನಕ್ಕರೆ ಆರು ತಿಂಗಳು ಬಾಯಿ ತೆರೆಯುವುದಿಲ್ಲ. ಕಾನ್ವೆಂಟಿನಲ್ಲಿ ಓದಿದ ಚಿಕ್ಕಪ್ಪನ ಮಗನ ಜೊತೆ ಹೋಲಿಸಲೂ ಬಾರದು.

ಮೊದಲ ಸೆಮಿಸ್ಟರಿನ ಇಂಗ್ಲಿಷ್ ಮೇಷ್ಟರ ಬಳಿ ಹೋಗಿ ‘ಸಾರ್, ನಾನು ಕನ್ನಡ ಮೀಡಿಯಂ, ಈ ಪ್ಯಾರಾ ಅರ್ಥವಾಗಲಿಲ್ಲ’ ಎಂದು ಹೇಳುವುದಕ್ಕೆ ನಾಚಬೇಡಿ. ಅವರು ತರಗತಿಗೆ ಬರುವುದು ಆ ಪ್ಯಾರಾ ಅರ್ಥಮಾಡಿಸುವುದಕ್ಕೇ. ನಾಳೆ ಒಂದು ಬೆಂಚು ಮುಂದೆ ಕುಳಿತು ಒಂದು ಪ್ರಶ್ನೆ ಕೇಳಿ. ಮುಂದಿನ ವಾರ ಇನ್ನೊಂದು ಬೆಂಚು.