ಅಕ್ಕರೆಗೊಂದು ಹೊಸ್ತಿಲು

ಆತಕೂರಿನ ಶಾಸನವನ್ನು ಪಾಠ ಹೇಳುವಾಗಲೆಲ್ಲ ವಿದ್ಯಾರ್ಥಿಗಳು ಯುದ್ಧದ ವಿವರಕ್ಕಿಂತ ನಾಯಿಯ ವಿವರಕ್ಕೆ ಹೆಚ್ಚು ಕಿವಿಗೊಡುತ್ತಿದ್ದುದನ್ನು ಕಂಡಿದ್ದೇನೆ. ಕ್ರಿ. ಶ. 949-50ರ ಶಾಸನವದು. ತಕ್ಕೋಲದ ಕಾಳಗದಲ್ಲಿ ಶೌರ್ಯ ತೋರಿದ ಮಣಲೆರನಿಗೆ ಗಂಗರ ಬೂತುಗನು ಮೆಚ್ಚಿ, ಬೇಕಾದುದನ್ನು ಬೇಡೆಂದಾಗ ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಕಾಡುಹಂದಿಯೊಂದರ ಮೇಲೆ ಬಿದ್ದು, ಅದನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿದರು. ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ಪಾಪ ತಟ್ಟುವುದೆಂದೂ ಬರೆಸಿದರು.

ಗೊರವ ಎಂದೊಡನೆ ನಮ್ಮ ಬೀದರಿನ ಕಡೆಯವರಿಗೆ ಭಾಲ್ಕಿ ತಾಲ್ಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣ ನೆನಪಾಗುತ್ತಾನೆ. ಮರಾಠಿ ಭಕ್ತರ ಪಾಲಿಗೆ ಅವನೇ ಖಂಡೋಬ. ನಾಯಿ ಆ ದೇವರ ಒಡನಾಡಿ. ಮೈಲಾರನ ಗೊರವರು ನಾಯಿಯಂತೆ ಬೊಗಳುತ್ತ ದೋಣಿಯಲ್ಲಿ ಹಾಕಿದ್ದನ್ನು ತಿನ್ನುವ ಸೇವೆ ಹಲವು ಕಡೆ ಉಂಟು. ಇಲ್ಲಿ ಗಮನಿಸಬೇಕಾದ ಒಂದು ಸಣ್ಣ ಸಂಗತಿಯಿದೆ: ದೇವರ ನಾಯಿಗೂ ಅದರದೇ ಒಂದು ಪಾತ್ರೆ. ಗೌರವ ಎಷ್ಟೇ ದೊಡ್ಡದಾದರೂ ಎಡೆ ಬೇರೆ.

ಕಾಳಿಗೆ ಕೆಲಸವಿತ್ತು. ಕುರಿಹಟ್ಟಿಯ ನಾಯಿಗೂ ಹೊಲ ಕಾಯುವ ನಾಯಿಗೂ ಕೆಲಸವಿದೆ; ಅದರ ಎಲ್ಲೆಯನ್ನು ಆ ಕೆಲಸವೇ ಗೊತ್ತುಮಾಡುತ್ತದೆ. ಇಂದು ನಮ್ಮ ಮನೆಗಳಿಗೆ ಬರುತ್ತಿರುವ ದೊಡ್ಡ ನಾಯಿಗಳ ಸ್ಥಿತಿ ಬೇರೆ. ಲ್ಯಾಬ್ರಡಾರ್ ತಳಿಯನ್ನೇ ನೋಡಿ. ಅದರ ಹಿರೀಕರು ನ್ಯೂಫೌಂಡ್‌ಲ್ಯಾಂಡಿನ ಕೊರೆಯುವ ನೀರಿನಲ್ಲಿ ಬೆಸ್ತರ ಜೊತೆ ದುಡಿದವರು. ಬಲೆಯಿಂದ ಜಾರಿದ ಮೀನು, ತೇಲಿಹೋದ ಹಗ್ಗ ತಂದುಕೊಡುವುದು ಅವುಗಳ ಕಸುಬಾಗಿತ್ತು. ನಮ್ಮ ಮುಧೋಳ ನಾಯಿ ಬಯಲಿನಲ್ಲಿ ಮೊಲದ ಬೆನ್ನು ಹತ್ತಿ ಓಡುವ ತಳಿ. ಅದರ ಸಂವರ್ಧನೆಗಾಗಿ ಮುಧೋಳದ ಬಳಿಯ ತಿಮ್ಮಾಪುರದಲ್ಲಿರುವ ಕೇಂದ್ರವನ್ನು ನಡೆಸುವುದು ನಮ್ಮ ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯವೇ. ಇಂಥ ಪ್ರಾಣಿಯನ್ನು ಮೂರು ಕೋಣೆಯ ಮನೆಯಲ್ಲಿ ಇಟ್ಟುಕೊಂಡಾಗ ಮೀನಿಲ್ಲ, ಮೊಲವಿಲ್ಲ. ಅದರ ಕಸುವೆಲ್ಲ ಅಕ್ಕರೆಯ ರೂಪದಲ್ಲಿ ನಮ್ಮ ಮೇಲೆಯೇ ಬೀಳುತ್ತದೆ. ಅಕ್ಷರಶಃ ಬೀಳುತ್ತದೆ.

ಡಾಬಕಾದ ನಮ್ಮ ಹಳೆಯ ಮನೆಗೆ ಮೋತಿ ಬಂದದ್ದು ಮಗನ ಜೊತೆಗೆ, ಹೈದರಾಬಾದಿನಿಂದ. ಕೈಯಲ್ಲಿ ಹಿಡಿಯುವಷ್ಟಿದ್ದ ಮರಿ ವರ್ಷ ತುಂಬುವಷ್ಟರಲ್ಲಿ ಮೂವತ್ತು ಕಿಲೋ ದಾಟಿತು. ನಮ್ಮ ಅಕ್ಕನಿಗೆ ಎಂಬತ್ತಮೂರು. ಕೋಲು ಊರಿ ನಡೆಯುವವಳು. ನಾಯಿಗಳು ತಮ್ಮ ಜಾತಿಯ ಹಿರಿಯರ ಬಾಯಿ ಮೂಸಿ, ನೆಕ್ಕಿ ಕುಶಲ ಕೇಳುತ್ತವೆ. ಮನುಷ್ಯನ ಬಾಯಿ ಎತ್ತರದಲ್ಲಿರುವುದರಿಂದ ಎಗರುತ್ತವೆ. ಅದರಲ್ಲಿ ದುರುದ್ದೇಶ ಇಲ್ಲ. ಆದರೆ ಮೂವತ್ತು ಕಿಲೋ ಪ್ರೀತಿ ಅಕ್ಕನ ಎದೆಗೆ ಬಡಿದರೆ ಮುರಿಯುವುದು ಸೊಂಟದ ಮೂಳೆ. ಆ ವಯಸ್ಸಿನಲ್ಲಿ ಸೊಂಟ ಮುರಿದವರು ಮತ್ತೆ ಎದ್ದು ಓಡಾಡುವುದು ಎಷ್ಟು ಕಷ್ಟವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾಯಿಯ ಪಾಲಿಗೂ ಅದು ಕೇಡೇ: ಅಂಥ ಒಂದು ದಿನದ ಮರುದಿನವೇ ಅದು ದನದ ಕೊಟ್ಟಿಗೆಯ ಗೂಟಕ್ಕೋ ಊರಾಚೆಯ ರಸ್ತೆಗೋ ಸೇರುತ್ತದೆ.

ಎಗರಿದಾಗ ಗದರುವುದು, ಮೊಣಕಾಲಿನಿಂದ ನೂಕುವುದು ಸಾಮಾನ್ಯ ಪದ್ಧತಿ. ಅದು ನಾಯಿಗೆ ಆಟವಾಗಿ ಕಾಣುತ್ತದೆ. ನೂಕಿದರೂ ಮುಟ್ಟಿದರಲ್ಲ ಎಂಬುದೇ ಅದರ ಲೆಕ್ಕ. ಬೆನ್ನು ತಿರುಗಿಸಿ ನಿಂತು, ನಾಲ್ಕೂ ಕಾಲು ನೆಲಕ್ಕೆ ತಾಗಿದ ಗಳಿಗೆಯಲ್ಲಿ ಮಾತನಾಡಿಸಿ ತಲೆ ಸವರಿದರೆ ಅದಕ್ಕೆ ಬೇಗ ಅರ್ಥವಾಗುತ್ತದೆ. ಮನೆಯವರೆಲ್ಲ ಹಾಗೆಯೇ ಮಾಡಬೇಕೆಂಬುದೇ ಇಲ್ಲಿಯ ತೊಡಕು. ಅಮೆರಿಕದ ಮನೋವಿಜ್ಞಾನಿ ಸ್ಕಿನ್ನರ್ ಪಾರಿವಾಳಗಳ ಮೇಲೆ ನಡೆಸಿದ ಪ್ರಯೋಗಗಳು ಒಂದು ವಿಚಿತ್ರವನ್ನು ತೋರಿಸಿದವು: ಯಾವಾಗಲೂ ಕಾಳು ಸಿಗುತ್ತಿದ್ದರೆ, ಅದು ನಿಂತೊಡನೆ ಹಕ್ಕಿ ಕುಕ್ಕುವುದನ್ನು ಬೇಗ ಬಿಡುತ್ತದೆ, ಆಗೊಮ್ಮೆ ಈಗೊಮ್ಮೆ ಸಿಗುತ್ತಿದ್ದರೆ ಬಹುಕಾಲ ಬಿಡುವುದಿಲ್ಲ. ಊಟಕ್ಕೆ ಕುಳಿತಾಗ ಅಕ್ಕ ರೊಟ್ಟಿ ಮುರಿದು, “ಒಂದ್ ತುಣುಕ್ ಕೊಟ್ರ ಏನಾಗ್ತದೋ ತಮ್ಮಾ?” ಎನ್ನುತ್ತಿದ್ದಳು. ವಾರಕ್ಕೊಂದು ತುಣುಕು ಸಾಕು, ಆರು ದಿನವೂ ತಟ್ಟೆಯ ಪಕ್ಕ ಜೊಲ್ಲು ಸುರಿಸಿಕೊಂಡು ಕಾಯಲು. ನಾಯಿಯ ಬಾಲ ಡೊಂಕೆಂದು ಗಾದೆ ಕಟ್ಟಿದ ನಾವು ನಮ್ಮ ಕೈಯ ಡೊಂಕನ್ನು ಮಾತ್ರ ಲೆಕ್ಕಕ್ಕೆ ಹಿಡಿಯಲಿಲ್ಲ. ಕೊನೆಗೆ ಅಕ್ಕನೇ ಒಂದು ಉಪಾಯ ಹುಡುಕಿದಳು. ರೊಟ್ಟಿಯ ಪಾಲನ್ನು ಎತ್ತಿಟ್ಟು, ಎಲ್ಲರ ಊಟವಾದ ಮೇಲೆ ಮೋತಿಯ ತಟ್ಟೆಗೆ ಹಾಕುತ್ತಾಳೆ; ಈರುಳ್ಳಿ ತಾಗಿದ್ದನ್ನು ಹಾಕುವುದಿಲ್ಲ, ಅದು ನಾಯಿಗೆ ವಿಷ.

ಎಲ್ಲೆಗೆ ನಮ್ಮ ಮನೆಗಳಲ್ಲಿ ಸಿದ್ಧವಾದ ಗುರುತೇ ಇದೆ, ಹೊಸ್ತಿಲು. ಪಡಸಾಲೆ ಮೋತಿಯದು, ಅಡುಗೆಮನೆ, ದೇವರಮನೆ, ಅಕ್ಕ ಮಲಗುವ ಕೋಣೆ ಅದರದಲ್ಲ. ಕಲಿಸುವುದು ಹೀಗೆ: ಬಾಗಿಲು ತೆರೆಯಿರಿ; ನಾಯಿ ಹೊಸ್ತಿಲತ್ತ ಬಂದರೆ ಮಾತಿಲ್ಲದೆ ಮುಚ್ಚಿರಿ; ಕುಳಿತರೆ ಒಂದು ತಿನಿಸು ಕೊಡಿ. ಮೊದಲ ದಿನ ಎರಡು ಗಳಿಗೆ ಕುಳಿತರೂ ಸಾಕು. ಬಯಕೆಯನ್ನು ತಡೆದು ಕುಳಿತುಕೊಳ್ಳುವುದೇ ಆ ಪ್ರಾಣಿಗೆ ಈಗ ಕೆಲಸ. ಕೆಲಸ ಸಿಕ್ಕ ನಾಯಿ ಶಾಂತವಾಗುತ್ತದೆ. ನಮ್ಮದು ಗಡಿಯೂರಾದ್ದರಿಂದ ಇನ್ನೊಂದು ತಮಾಷೆಯ ತೊಡಕು ಎದುರಾಯಿತು. ನೆರೆಯವರ ಮರಾಠಿಯಲ್ಲಿ ‘ಬಸ್’ ಎಂದರೆ ಕೂಡು, ಮಗನ ಹಿಂದಿಯಲ್ಲಿ ‘ಬಸ್’ ಎಂದರೆ ಸಾಕು. ತಿನ್ನುವುದನ್ನು ನಿಲ್ಲಿಸೆಂದರೆ ಮೋತಿ ಕುಳಿತು ತಿನ್ನುತ್ತಿತ್ತು! ಕಡೆಗೆ ‘ಕೂಡು’ ಎಂಬುದೊಂದೇ ಉಳಿಯಿತು. ಭಾಷಾಭಿಮಾನದಿಂದಲ್ಲ, ಗೊಂದಲ ತಪ್ಪಲೆಂದು.

ಎಲ್ಲೆ ಹಾಕುವವರು ಎಲ್ಲೆಯ ಈಚೆಗೆ ಏನನ್ನು ಕೊಟ್ಟಿದ್ದೇವೆಂದೂ ನೋಡಿಕೊಳ್ಳಬೇಕು. ನಮ್ಮ ಕಡೆಯ ಬೇಸಿಗೆಯಲ್ಲಿ ಬಿಸಿಲು ನಲವತ್ತು ಡಿಗ್ರಿ ಮುಟ್ಟುತ್ತದೆ. ನಾಯಿ ನಮ್ಮಂತೆ ಮೈತುಂಬ ಬೆವರುವುದಿಲ್ಲ. ನಾಲಗೆ ಚಾಚಿ ಏದುಸಿರು ಬಿಟ್ಟೇ ಮೈಯ ಕಾವು ಕಳೆಯಬೇಕು. ಮಧ್ಯಾಹ್ನ ಅದು ಅಡುಗೆಮನೆಗೆ ನುಗ್ಗುವುದು ಹಲವು ಸಲ ರೊಟ್ಟಿಗಲ್ಲ, ತಣ್ಣನೆಯ ಕಲ್ಲುನೆಲಕ್ಕೆ. ಪಡಸಾಲೆಯ ಮೂಲೆಯಲ್ಲಿ ಒದ್ದೆ ಗೋಣಿಚೀಲ, ನೀರಿನ ಬೋಗುಣಿ ಇಟ್ಟ ಮೇಲೆ ಅರ್ಧ ತಕರಾರು ತಾನೇ ನಿಂತಿತು. ಬೆಳಗಿನ ಜಾವ ಹೊಲದ ದಾರಿಯಲ್ಲಿ ಒಂದು ಗಂಟೆಯ ನಡಿಗೆ ಉಳಿದರ್ಧವನ್ನು ನಿಲ್ಲಿಸಿತು. ಸರಪಳಿಯನ್ನು ನಾನು ಎಲ್ಲೆಯೆಂದು ಒಪ್ಪುವುದಿಲ್ಲ. ದಿನವಿಡೀ ಕಟ್ಟಿದ ನಾಯಿ ಬಿಟ್ಟೊಡನೆ ಹೆಚ್ಚು ಎಗರುತ್ತದೆ, ಕೆಲವೊಮ್ಮೆ ಕಚ್ಚುತ್ತದೆ. ರೇಬಿಸ್ ಲಸಿಕೆಯ ಮಾತನ್ನು ಬೇರೆ ಹೇಳಬೇಕಾಗಿಲ್ಲ, ಅದು ತಪ್ಪಕೂಡದು.

ಮೋತಿ ಕಲಿಯಲು ಸುಮಾರು ಮೂರು ತಿಂಗಳು ಹಿಡಿಯಿತು. ಕಲಿಯದೆ ಉಳಿದವರು ಬಂಧುಗಳು. ಹಬ್ಬಕ್ಕೆ ಬಂದವರು ಅಂಗಳದಿಂದಲೇ ತೋಳು ಚಾಚಿ, “ಬಾರೋ ಮೋತ್ಯಾ” ಎಂದು ಎದೆ ತಟ್ಟಿಕೊಳ್ಳುತ್ತಾರೆ. ಹೊಸ ಧೋತರದ ಮೇಲೆ ಕೆಮ್ಮಣ್ಣಿನ ಎರಡು ಹೆಜ್ಜೆ ಮೂಡಿದ ಮೇಲೆ ನನ್ನ ಮುಖ ನೋಡುತ್ತಾರೆ.